ಐದು ತಗಡು, ಐದು ಸುತ್ತು: ಉಕ್ಕಿನ ಗುರಿಗೆ ಯಾವ .22 ಪಿಸ್ತೂಲು?

ಮೂವತ್ತೆರಡು ವರ್ಷ ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ಫಿಟ್ಟರ್ ಆಗಿದ್ದವನು ಪಿಸ್ತೂಲಿನ ಬಗ್ಗೆ ಬರೆಯಲು ಕುಳಿತರೆ ಓದುವವರಿಗೆ ನಗು ಬರಬಹುದು. ಬೆಳಿಗ್ಗೆ ಅಪ್ಪನ ಕೆರೆಯ ಸುತ್ತ ನನ್ನೊಡನೆ ನಡೆಯುವ ಗೆಳೆಯರಿಗೂ ಬಂತು. ನಕ್ಕವರಲ್ಲೇ ಇಬ್ಬರು ಆಮೇಲೆ ಬೇರೆ ಬೇರೆಯಾಗಿ ಬಂದು ನನ್ನನ್ನು ಬದಿಗೆ ಕರೆದರು. ಒಬ್ಬರ ಮಗ ಅಮೆರಿಕದಲ್ಲಿದ್ದಾನೆ, ಉಕ್ಕಿನ ತಗಡಿಗೆ ಗುರಿಯಿಡುವ ಸ್ಪರ್ಧೆಗೆ ಇಳಿಯಬೇಕೆಂದಿದ್ದಾನೆ. ಇನ್ನೊಬ್ಬರ ಮೊಮ್ಮಗಳು ಇಲ್ಲೇ ಎನ್‌ಸಿಸಿಯಲ್ಲಿ .22 (ನಳಿಗೆಯ ಒಳ ಅಗಲ ಸುಮಾರು 0.22 ಅಂಗುಲ) ರೈಫಲ್ ಹೊಡೆದು ಬಂದಿದ್ದಾಳೆ, ಈಗ ಪಿಸ್ತೂಲಿನ ಹುಚ್ಚು ಹತ್ತಿದೆ. ಇಬ್ಬರದೂ ಒಂದೇ ಪ್ರಶ್ನೆ: ಯಾವುದನ್ನು ಕೊಳ್ಳಬೇಕು? ಉತ್ತರ ಮಾತ್ರ ಎರಡು, ಏಕೆಂದರೆ ಅಲ್ಲಿನ ಕಾನೂನು ಬೇರೆ, ಇಲ್ಲಿನದು ಬೇರೆ.

ನನಗೆ ಇದು ಗೊತ್ತಾದದ್ದು ಮಗಳಿಂದ. ಟೆಕ್ಸಾಸ್‌ನಲ್ಲಿ ಅವಳ ಮನೆಯಲ್ಲಿ ನಾಲ್ಕು ತಿಂಗಳಿದ್ದೆ. ಆಗ ಶನಿವಾರಗಳಂದು ಅವಳ ಜೊತೆ ರೇಂಜಿಗೆ, ಅಂದರೆ ಗುರಿ ಹೊಡೆಯುವ ಮೈದಾನಕ್ಕೆ, ಹೋಗುತ್ತಿದ್ದೆ. ಅವಳಿಗೆ ಗ್ರೀನ್ ಕಾರ್ಡ್ ಇದೆ, ಪಿಸ್ತೂಲು ಇಟ್ಟುಕೊಳ್ಳಬಹುದು. ನನ್ನಂತೆ ಪ್ರವಾಸಿ ವೀಸಾದಲ್ಲಿ ಹೋದವರು ಬಂದೂಕನ್ನಾಗಲಿ ಕಾಡತೂಸನ್ನಾಗಲಿ ಕೈಯಲ್ಲಿ ಹಿಡಿಯುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೇಟೆಯ ಪರವಾನಗಿಯಂತಹ ಕೆಲವು ವಿನಾಯಿತಿಗಳಿವೆ, ನನಗೆ ಅವು ಬೇಕಿರಲಿಲ್ಲ. ಎಚ್-1ಬಿ ವೀಸಾದಲ್ಲಿರುವ ಹುಡುಗರಿಗೂ ಇದೇ ತೊಡಕು. ಆದ್ದರಿಂದ ಗೆಳೆಯರಿಗೆ ನಾನು ಕೇಳಿದ ಮೊದಲ ಪ್ರಶ್ನೆ, ನಿಮ್ಮ ಮಗ ಯಾವ ವೀಸಾದಲ್ಲಿದ್ದಾನೆ ಎಂಬುದೇ. ಎರಡನೆಯದು, ಅವನಿಗೆ 21 ತುಂಬಿದೆಯೇ ಎಂಬುದು. ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು ಅಷ್ಟು ವಯಸ್ಸಾಗಿರಬೇಕು.

ರೇಂಜಿನಲ್ಲಿ ನನಗೆ ಸಿಕ್ಕ ಕೆಲಸ ಬಿಳಿ ಬಣ್ಣದ ಡಬ್ಬಿ ಹಿಡಿಯುವುದು. ಸೀಸದ ಗುಂಡು ತಗಡಿಗೆ ಬಡಿದರೆ ಬೂದು ಕಲೆ ಉಳಿಯುತ್ತದೆ. ಸ್ಪರ್ಧಿಯ ಸರದಿ ಮುಗಿದ ಮೇಲೆ, ಎಲ್ಲ ಪಿಸ್ತೂಲುಗಳೂ ಖಾಲಿ ಎಂದು ಅಧಿಕಾರಿ ಕೂಗಿದ ನಂತರ, ಹೋಗಿ ಆ ಕಲೆಯ ಮೇಲೆ ಬಣ್ಣ ಹೊಡೆದು ಬರಬೇಕು. ಬಿಡುವಾದಾಗ ನೆರಳಲ್ಲಿ ಕುಳಿತು ಯಾರ ಪಿಸ್ತೂಲು ಕೈಕೊಟ್ಟು ಎಷ್ಟು ಸಲ ನಿಂತಿತು ಎಂದು ಲೆಕ್ಕ ಇಡುತ್ತಿದ್ದೆ. ಮಿಲ್ಲಿನಲ್ಲಿ ಅಂಟಿದ ಚಟ. ಹೊಸ ಯಂತ್ರ ಬಂದರೆ ಮಾಲೀಕರು ಗಂಟೆಗೆ ಎಷ್ಟು ಕ್ವಿಂಟಲ್ ಒಡೆಯುತ್ತದೆ ಎಂದು ಕೇಳುತ್ತಿದ್ದರು. ನಾನು ಕೇಳುತ್ತಿದ್ದುದು ಒಂದೇ: ಹೊಟ್ಟು ತುಂಬಿಕೊಂಡಾಗ ಏನು ಮಾಡುತ್ತದೆ?

ಪಿಸ್ತೂಲಿಗೂ ಇದೇ ಪ್ರಶ್ನೆ ಸಾಕು ಎಂಬುದು ನನ್ನ ಅಭಿಪ್ರಾಯ. ಅದು ಏಕೆ ಎಂದು ತಿಳಿಯಲು ಆಟವನ್ನು ಸ್ವಲ್ಪ ಅರಿತಿರಬೇಕು.

ಸ್ಟೀಲ್ ಚಾಲೆಂಜ್ ಎಂಬ ಈ ಸ್ಪರ್ಧೆ 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಯಿತು. ಒಟ್ಟು ಎಂಟು ನಿಗದಿತ ವಿನ್ಯಾಸಗಳಿವೆ, ಪ್ರತಿಯೊಂದರಲ್ಲೂ ಐದು ತಗಡು. ಕೆಲವು 10 ಅಂಗುಲದ ದುಂಡು ತಗಡುಗಳು, ಕೆಲವು 12 ಅಂಗುಲದವು, ಕೆಲವು 18 ಅಂಗುಲ ಅಗಲ 24 ಅಂಗುಲ ಎತ್ತರದ ದೊಡ್ಡ ಆಯತಗಳು. ಅತಿ ಹತ್ತಿರದ್ದು 7 ಗಜದಲ್ಲಿ, ಅತಿ ದೂರದ್ದು 35 ಗಜದಲ್ಲಿ ಇರುತ್ತದೆ. ನಾಲ್ಕನ್ನು ಯಾವ ಕ್ರಮದಲ್ಲಿ ಬೇಕಾದರೂ ಹೊಡೆಯಬಹುದು, ಐದನೆಯ ‘ನಿಲುಗಡೆ ತಗಡು’ ಮಾತ್ರ ಕೊನೆಗೆ. ಅದು ಠಣ್ ಎಂದಾಗ ಗಡಿಯಾರ ನಿಲ್ಲುತ್ತದೆ. ಒಂದು ತಗಡು ತಪ್ಪಿದರೆ 3 ಸೆಕೆಂಡು ದಂಡ. ಹೀಗೆ ಐದು ಸುತ್ತು ಹೊಡೆಯಬೇಕು, ಅತಿ ಕೆಟ್ಟ ಸುತ್ತನ್ನು ಬಿಟ್ಟು ಉಳಿದ ನಾಲ್ಕರ ಸಮಯ ಕೂಡಿಸುತ್ತಾರೆ. ಒಂದು ವಿನ್ಯಾಸದಲ್ಲಿ ಮಾತ್ರ ನಾಲ್ಕು ಸುತ್ತು, ಲೆಕ್ಕಕ್ಕೆ ಮೂರು. ಅಲ್ಲಿ ಸುತ್ತಿನ ನಡುವೆಯೇ ಒಂದು ಚೌಕದಿಂದ ಇನ್ನೊಂದಕ್ಕೆ ಓಡಬೇಕು. ಒಂದೂ ಗುಂಡು ತಪ್ಪದಿದ್ದರೂ ಎಂಟು ವಿನ್ಯಾಸಕ್ಕೆ 195 ಕಾಡತೂಸು ಬೇಕೆಂದಾಯಿತು. ತಪ್ಪುವುದಂತೂ ಇದ್ದೇ ಇದೆ.

ರಿಮ್‌ಫೈರ್ ಪಿಸ್ತೂಲಿನವರು, ಅಂದರೆ .22ರವರು, ಸೊಂಟದ ಚೀಲದಿಂದ ಎಳೆಯುವಂತಿಲ್ಲ. ಎರಡೂ ಕೈಯಲ್ಲಿ ಹಿಡಿದು, ಸುಮಾರು 10 ಅಡಿ ಮುಂದೆ ನೆಲದಲ್ಲಿರುವ ಗುರುತಿನ ಕಡೆಗೆ ಮೂತಿ ಇಳಿಸಿ ನಿಲ್ಲಬೇಕು. ಬೀಪ್ ಸದ್ದಾದೊಡನೆ ಎತ್ತಬೇಕು. ಪಳಗಿದವರು ಐದು ತಗಡನ್ನು ಎರಡು ಮೂರು ಸೆಕೆಂಡುಗಳಲ್ಲಿ ಬಾರಿಸಿ ಮುಗಿಸುತ್ತಾರೆ. ನಮ್ಮ ಕೋಟೆಯ ಮೇಲಿನ 29 ಅಡಿಯ ತೋಪನ್ನು ಬಲ್ಲ ಕಣ್ಣಿಗೆ ಇದು ಮಕ್ಕಳ ಆಟಿಕೆಯಂತೆ ಕಾಣುತ್ತದೆ, ಆದರೆ ಆ ಎರಡು ಸೆಕೆಂಡುಗಳಲ್ಲಿ ನಡೆಯುವ ಕೆಲಸವನ್ನು ನೋಡಿದರೆ ಉಸಿರು ಕಟ್ಟುತ್ತದೆ.

ಈಗ ಯೋಚಿಸಿ. 10 ಗಜದಲ್ಲಿರುವ 10 ಅಂಗುಲದ ತಗಡನ್ನು ಹೊಡೆಯಲು ಯಾವ ಒಳ್ಳೆಯ ಪಿಸ್ತೂಲಿನ ನಳಿಗೆಯೂ ಸಾಕಾಗುತ್ತದೆ. ಅಂಗಡಿಯವನು ಕಾಗದದ ಮೇಲೆ ಐದು ಗುಂಡು ಒಂದೇ ತೂತಿನಲ್ಲಿ ಹೋದದ್ದನ್ನು ತೋರಿಸಿ ಬೆಲೆ ಏರಿಸಿದರೆ, ನಿಮಗೆ ಬೇಡದ್ದನ್ನು ಮಾರುತ್ತಿದ್ದಾನೆ ಎಂದೇ ಅರ್ಥ. ಇಲ್ಲಿ ಸೋಲಿಸುವುದು ನಡುವೆ ನಿಂತುಹೋಗುವ ಯಂತ್ರ.

.22 ಕಾಡತೂಸು ಪಿಸ್ತೂಲನ್ನು ನಿಲ್ಲಿಸುವುದಕ್ಕೆ ಕಾರಣಗಳಿವೆ. 1887ರಿಂದ ಹೆಚ್ಚು ಬದಲಾಗದೆ ಬಂದಿರುವ ವಸ್ತು ಇದು. ದೊಡ್ಡ ಕಾಡತೂಸುಗಳಲ್ಲಿ ಸಿಡಿಯುವ ಮದ್ದು ತಳದ ನಡುವೆ ಒಂದು ಬಟ್ಟಲಲ್ಲಿರುತ್ತದೆ. ಇದರಲ್ಲಿ ಮದ್ದನ್ನು ಹಿತ್ತಾಳೆಯ ಕೋಶದ ಅಂಚಿನ ಮಡಿಕೆಯೊಳಗೆ ತಿರುಗಿಸಿ ತುಂಬಿರುತ್ತಾರೆ. ರಿಮ್ ಎಂದರೆ ಆ ಅಂಚೇ. ಪಿನ್ನು ಬಡಿದ ಜಾಗದಲ್ಲಿ ಮದ್ದು ತೆಳುವಾಗಿದ್ದರೆ ಟಿಕ್ ಎನ್ನುತ್ತದೆ, ಸಿಡಿಯುವುದಿಲ್ಲ. ಗುಂಡಿನ ಮೇಲೆ ಮೇಣದ ಅಥವಾ ಎಣ್ಣೆಯ ಲೇಪ ಇರುತ್ತದೆ, ಅದಕ್ಕೆ ಧೂಳು ಅಂಟುತ್ತದೆ. ಸುಟ್ಟ ಮದ್ದಿನ ಮಸಿ ಒಳಗೆ ಕೂರುತ್ತದೆ. ಇನ್ನೂರು ಗುಂಡು ದಾಟಿದ ಮೇಲೆ ಖಾಲಿ ಕೋಶ ಹೊರಗೆ ಹಾರದೆ ಕಿಂಡಿಯಲ್ಲೇ ನೆಟ್ಟಗೆ ನಿಂತುಬಿಡಬಹುದು. ಹಾಪರ್‌ನ ಬಾಯಲ್ಲಿ ಹಸಿ ತೊಗರಿ ಸಿಕ್ಕಿಕೊಂಡಂತೆ. ಬಲ ಹಾಕಿದಷ್ಟೂ ಬಿಗಿಯಾಗುತ್ತದೆ.

ಮಗಳಿಗೂ ಒಂದು ಶನಿವಾರ ಹೀಗೆಯೇ ಆಯಿತು. ಗೆಳತಿಯಿಂದ ತಂದ ಪಿಸ್ತೂಲು ಒಂದೇ ವಿನ್ಯಾಸದಲ್ಲಿ ಮೂರು ಸಲ ನಿಂತಿತು. ಯಾವ ಕಂಪನಿಯದೆಂದು ಹೇಳುವುದಿಲ್ಲ, ತಪ್ಪು ಅದರದಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಬಿಡಿ ಕಾಡತೂಸಿನ ದೊಡ್ಡ ಡಬ್ಬಿ ತಂದಿದ್ದಳು, ಪಿಸ್ತೂಲನ್ನು ತಿಂಗಳಿಂದ ಒರೆಸಿರಲಿಲ್ಲ. “ಅಪ್ಪಾ, ನಿಮ್ಮ ಮಿಲ್ಲಿನ ಮಾತು ಈಗ ಶುರು ಮಾಡಬೇಡಿ” ಎಂದಳು. ನಾನು ಶುರು ಮಾಡಲಿಲ್ಲ. ಸಂಜೆ ಅವಳೇ ಬಿಚ್ಚಿ ಕುಳಿತಳು, ಬಿಚ್ಚುವುದರಲ್ಲೇ ರಾತ್ರಿಯಾಯಿತು. ಪಿಸ್ತೂಲುಗಳ ಹೋಲಿಕೆಯನ್ನು ನಾನು ಆ ರಾತ್ರಿಯಿಂದಲೇ ಮೊದಲು ಮಾಡುತ್ತೇನೆ.

ಬಿಚ್ಚಿ ಒರೆಸುವ ಲೆಕ್ಕದಲ್ಲಿ ರುಗರ್ ಮಾರ್ಕ್ 4 ಎಲ್ಲಕ್ಕಿಂತ ಮುಂದೆ. ಹಿಂಭಾಗದಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಮೇಲಿನ ಭಾಗ ತಿರುಗಿ ಮೇಲೇಳುತ್ತದೆ, ಬೋಲ್ಟ್ (ಗುಂಡು ಹಾರಿದಾಗ ಒಳಗೆ ಹಿಂದೆ ಮುಂದೆ ಓಡುವ ಭಾಗ) ಹೊರಬರುತ್ತದೆ. ರುಗರ್ ಕಂಪನಿ ಹೆಸರು ಮಾಡಿದ್ದೇ 1949ರಲ್ಲಿ ಈ ಕುಲದ ಮೊದಲ ಪಿಸ್ತೂಲಿನಿಂದ. ಆದರೆ ಮಾರ್ಕ್ 3ರವರೆಗಿನ ತಲೆಮಾರುಗಳನ್ನು ಬಿಚ್ಚಿದವರು ಮತ್ತೆ ಜೋಡಿಸಲಾಗದೆ ಪರದಾಡುವುದು ದೊಡ್ಡ ತಮಾಷೆಯ ವಿಷಯವಾಗಿತ್ತು. 2016ರಲ್ಲಿ ಬಂದ ಮಾರ್ಕ್ 4 ಆ ತಮಾಷೆಯನ್ನು ನಿಲ್ಲಿಸಿತು. ಫಿಟ್ಟರ್ ಕಣ್ಣಿನಿಂದ ಹೇಳುವುದಾದರೆ, ಸುಲಭವಾಗಿ ತೆರೆಯುವ ಯಂತ್ರವನ್ನಷ್ಟೇ ಜನ ಸ್ವಚ್ಛವಾಗಿಡುತ್ತಾರೆ. ಹಳೆಯದನ್ನು ಕೊಳ್ಳುವವರು ಒಂದು ಸಂಗತಿ ನೋಡಿಕೊಳ್ಳಬೇಕು. 2017ರ ಜೂನ್ 1ಕ್ಕೆ ಮುಂಚೆ ತಯಾರಾದ ಮಾರ್ಕ್ 4ಗಳಲ್ಲಿ ಸೇಫ್ಟಿ ಕೀಲಿಯನ್ನು ಸರಿಯಾಗಿ ಬಳಸದಿದ್ದರೆ ತಾನಾಗಿ ಹಾರುವ ಸಾಧ್ಯತೆ ಇದೆಯೆಂದು ಕಂಪನಿಯೇ ಅವನ್ನು ವಾಪಸ್ ಕರೆಸಿಕೊಂಡಿತ್ತು. ಸರಿಪಡಿಸಿದ ದಾಖಲೆ ಇಲ್ಲದಿದ್ದರೆ ಮುಟ್ಟಬೇಡಿ.

ಸ್ಮಿತ್ ಆಂಡ್ ವೆಸನ್ ಎಸ್‌ಡಬ್ಲ್ಯು22 ವಿಕ್ಟರಿಯೂ 2016ರದೇ. ಟ್ರಿಗರ್ ಕಾವಲಿನ ಮುಂದೆ ಒಂದೇ ಸ್ಕ್ರೂ, ಒಂದು ಅಲೆನ್ ಕೀಲಿ ಸಾಕು. ಸ್ಟೇನ್‌ಲೆಸ್ ಉಕ್ಕು, ತೂಕ ಸುಮಾರು 1 ಕಿಲೋ, ನಳಿಗೆಯನ್ನು ಮನೆಯಲ್ಲೇ ಬದಲಿಸಬಹುದು. ಕೆಂಪು ಚುಕ್ಕೆಯ ಸೈಟ್ (ಗಾಜಿನಲ್ಲಿ ಕಾಣುವ ಚುಕ್ಕೆಯಿಂದ ಗುರಿಯಿಡುವ ಸಾಧನ) ಕೂರಿಸಲು ಬೇಕಾದ ಪಟ್ಟಿಯೂ ಡಬ್ಬಿಯಲ್ಲೇ ಬರುತ್ತದೆ. ಇದು ಹೊಸಬರಿಗೆ ನ್ಯಾಯವಾದ ಬೆಲೆ.

ಬ್ರೌನಿಂಗ್ ಬಕ್ ಮಾರ್ಕ್ 1985ರಿಂದ ಇದೆ. ಇದನ್ನು ಕೊಂಡವರು ಹೊಗಳುವುದು ಟ್ರಿಗರನ್ನು. ಕಾರ್ಖಾನೆಯಿಂದ ಬಂದಂತೆಯೇ ಗಾಜಿನ ಕಡ್ಡಿ ಮುರಿದಂತೆ ಸ್ಪಷ್ಟವಾಗಿ ಬಿಡುತ್ತದೆ, ಬೇರೆಯವುಗಳಿಗೆ ಆ ಗುಣ ಬರಬೇಕಾದರೆ ಬಿಡಿಭಾಗಕ್ಕೆ ಹಣ ಸುರಿಯಬೇಕು. ಆದರೆ ಒಳಗೆ ಪೂರ್ತಿ ಒರೆಸಬೇಕಾದರೆ ಮೇಲಿನ ಸ್ಕ್ರೂಗಳನ್ನು ತೆಗೆದು ಸೈಟಿನ ಪಟ್ಟಿಯನ್ನೇ ಕಳಚಬೇಕು. ಸ್ಕ್ರೂ ಸಡಿಲವಾದರೆ ಗುರಿಯೂ ಸಡಿಲ. ಶಿಸ್ತಿನವರಿಗೆ ಇದು ಒಡವೆ, ನನ್ನ ಮಗಳಂಥವರಿಗೆ ಅಲ್ಲ.

ಟಾರಸ್ ಟಿಎಕ್ಸ್22 ಬೇರೆಯೇ ಜಾತಿ. 2019ರಲ್ಲಿ ಬಂದದ್ದು. ಪ್ಲಾಸ್ಟಿಕ್ ಚೌಕಟ್ಟು, ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ತೂಕ. ಉಳಿದ ಮೂರರ ಮ್ಯಾಗಜಿನ್‌ನಲ್ಲಿ (ಹಿಡಿಯೊಳಗೆ ಕೂರಿಸುವ ಕಾಡತೂಸಿನ ಡಬ್ಬಿ) 10 ಕಾಡತೂಸು ಹಿಡಿದರೆ ಇದರಲ್ಲಿ 16. ಬೆಲೆಯೂ ಎಲ್ಲಕ್ಕಿಂತ ಕಡಿಮೆ. ರೂಪದಲ್ಲಿ ಸಾಮಾನ್ಯ 9 ಎಂ.ಎಂ. ಪಿಸ್ತೂಲಿನಂತಿರುವುದರಿಂದ ಆ ಅಭ್ಯಾಸ ಇರುವವರಿಗೆ ಕೈಗೆ ಕೂಡಲೇ ಒಗ್ಗುತ್ತದೆ. ಒಂದು ವ್ಯತ್ಯಾಸ ಮುಖ್ಯ. ಮೊದಲ ಮೂರರಲ್ಲಿ ಸೈಟ್ ಅಲುಗದ ಭಾಗದ ಮೇಲೆ ಕುಳಿತಿರುತ್ತದೆ, ಗುಂಡು ಹಾರಿದಾಗ ಹಿಂದೆ ಮುಂದೆ ಓಡುವ ಭಾಗ ಬೇರೆ. ಟಿಎಕ್ಸ್22ರಲ್ಲಿ ಮೇಲಿನ ಸ್ಲೈಡೇ ಓಡುತ್ತದೆ, ಅದರ ಮೇಲಿನ ಸೈಟೂ ಜೊತೆಗೆ ಓಡುತ್ತದೆ. ಇದನ್ನು ಅರಿತೇ ಕಂಪನಿ ‘ಕಾಂಪಿಟಿಷನ್’ ಎಂಬ ರೂಪದಲ್ಲಿ ಸ್ಲೈಡನ್ನು ಕತ್ತರಿಸಿ ಚುಕ್ಕೆ ಸೈಟನ್ನು ನಳಿಗೆಯ ಮೇಲೆ ಕೂರಿಸುವಂತೆ ಮಾಡಿತು. ಈ ಆಟಕ್ಕೆ ಟಾರಸ್ ಕೊಳ್ಳುವುದಾದರೆ ಅದನ್ನೇ ಕೊಳ್ಳಬೇಕು.

1957ರಿಂದ ಹೆಸರಾದ ಸ್ಮಿತ್ ಆಂಡ್ ವೆಸನ್ ಮಾಡೆಲ್ 41ರ ಬಗ್ಗೆಯೂ ಗೆಳೆಯರು ಕೇಳಿದರು, ಯಾರೋ ಅದೇ ಶ್ರೇಷ್ಠ ಎಂದಿದ್ದರಂತೆ. ಶ್ರೇಷ್ಠವೇ, ಕಾಗದದ ಗುರಿಗೆ. ಕಾಡತೂಸಿನ ವಿಷಯದಲ್ಲಿ ಬಲು ನಾಜೂಕು, ಬೆಲೆ ಟಾರಸ್‌ನ ನಾಲ್ಕು ಪಟ್ಟು ಮೀರುತ್ತದೆ. ಮದುವೆಯ ರೇಷ್ಮೆ ಉಟ್ಟು ತೊಗರಿ ರಾಶಿಗೆ ಇಳಿದಂತೆ.

ಇನ್ನು ಕೈ ಮತ್ತು ಕಣ್ಣಿನ ಮಾತು. ಮಾರ್ಕ್ 4ರಲ್ಲಿ ಎರಡು ಹಿಡಿಗಳಿವೆ. ಉಕ್ಕಿನ ಚೌಕಟ್ಟಿನದು ಹಳೆಯ ಜರ್ಮನ್ ಲೂಗರ್‌ನಂತೆ ಹೆಚ್ಚು ಓರೆ, ‘22/45’ ಎಂಬುದು ಅಮೆರಿಕದ ಸೈನ್ಯದ ಹಳೆಯ ‘1911’ ಪಿಸ್ತೂಲಿನಂತೆ ಹೆಚ್ಚು ನೇರ. ಇದು ಬರಿ ರುಚಿಯ ಪ್ರಶ್ನೆ ಎಂದು ನಾನೂ ಮೊದಲು ತಿಳಿದಿದ್ದೆ. ಅಲ್ಲ. ಮೂತಿ ಇಳಿಸಿ ನಿಂತವರು ಬೀಪ್ ಸದ್ದಿಗೆ ಎತ್ತಿದಾಗ ಸೈಟ್ ತಾನಾಗಿ ತಗಡಿನ ಮೇಲೆ ಬಂದು ಕೂರಬೇಕು. ಹಿಡಿಯ ಓರೆ ನಿಮ್ಮ ಮಣಿಕಟ್ಟಿಗೆ ಹೊಂದದಿದ್ದರೆ ಮೂತಿ ಮೇಲೆಯೋ ಕೆಳಗೋ ನೋಡುತ್ತದೆ, ಅದನ್ನು ತಿದ್ದುವುದರಲ್ಲಿ ಸಮಯ ಹೋಗುತ್ತದೆ. ಪರೀಕ್ಷೆ ಸುಲಭ: ಅಂಗಡಿಯಲ್ಲಿ ಖಾಲಿ ಎಂದು ಎರಡು ಸಲ ಖಚಿತಪಡಿಸಿಕೊಂಡು, ಸುರಕ್ಷಿತ ದಿಕ್ಕಿಗೆ ಹಿಡಿದು, ಕಣ್ಣು ಮುಚ್ಚಿ ಎತ್ತಿ, ಆಮೇಲೆ ಕಣ್ಣು ತೆರೆಯಿರಿ. ಹತ್ತು ಸಲ ಮಾಡಿದರೆ ಗೊತ್ತಾಗುತ್ತದೆ. ಟ್ರಿಗರ್ ಎಳೆಯಬೇಡಿ. ರಿಮ್‌ಫೈರ್‌ನಲ್ಲಿ ಖಾಲಿ ಟ್ರಿಗರ್ ಎಳೆದರೆ ಪಿನ್ನು ನಳಿಗೆಯ ಅಂಚಿಗೆ ಬಡಿದು ಗಾಯ ಮಾಡುವ ಅಪಾಯ ಕೆಲವದರಲ್ಲಿದೆ, ಕೈಪಿಡಿ ಏನು ಹೇಳುತ್ತದೆ ಎಂದು ಮೊದಲು ಓದಬೇಕು.

ತೂಕದ ವಿಷಯದಲ್ಲಿ ರೇಂಜಿನವರಲ್ಲೇ ಒಮ್ಮತವಿಲ್ಲ. ಉಕ್ಕಿನ ಮಾರ್ಕ್ 4 ಟಾರ್ಗೆಟ್ 1.2 ಕಿಲೋ ಆಸುಪಾಸು. ಒಮ್ಮೆ ತಗಡಿನ ಮೇಲೆ ನಿಂತರೆ ನಿಲ್ಲುತ್ತದೆ, ಆದರೆ ಇನ್ನೊಂದಕ್ಕೆ ತಿರುಗಿಸುವಾಗ ಗುರಿ ದಾಟಿ ಮುಂದೆ ಹೋಗುತ್ತದೆ. 22/45 ಲೈಟ್ ಸುಮಾರು 700 ಗ್ರಾಂ. ಬೇಗ ತಿರುಗುತ್ತದೆ, ಟ್ರಿಗರನ್ನು ಒರಟಾಗಿ ಎಳೆದರೆ ಬೇಗ ನಡುಗುತ್ತದೆ. .22ಕ್ಕೆ ಒದೆತವೇ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಒದೆತ ತಡೆಯಲು ತೂಕ ಬೇಕಿಲ್ಲ. ಚಿಕ್ಕ ಕೈಯವರಿಗೆ, ಎಂಟು ವಿನ್ಯಾಸ ಮುಗಿಯುವಷ್ಟರಲ್ಲಿ ತೋಳು ಸೋಲುವವರಿಗೆ ಹಗುರವೇ ಲೇಸು ಎಂಬುದು ನಾನು ಕಂಡದ್ದು.

ಕಬ್ಬಿಣದ ಸೈಟೋ ಕೆಂಪು ಚುಕ್ಕೆಯೋ? ಸ್ಪರ್ಧೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ವಿಭಾಗ, ಒಂದು ‘ಐರನ್ಸ್’, ಇನ್ನೊಂದು ‘ಓಪನ್’. ನಲವತ್ತು ದಾಟಿ ಚಾಳೀಸಿನ ಕನ್ನಡಕ ಬಂದವರು ಚರ್ಚೆ ಮಾಡದೆ ಚುಕ್ಕೆ ಹಾಕಿಸಿಕೊಳ್ಳಲಿ. ಮುಂದಿನ ಸೈಟ್ ಮಬ್ಬಾಗಿ ಕಂಡರೆ ಹಟ ಹಿಡಿದು ಪ್ರಯೋಜನವಿಲ್ಲ. ಚಿಕ್ಕವರು ಮೊದಲ ವರ್ಷ ಕಬ್ಬಿಣದ ಸೈಟಿನಲ್ಲೇ ಕಲಿತು, ಉಳಿದ ಹಣವನ್ನು ಕಾಡತೂಸಿಗೆ ಹಾಕಿದರೆ ಒಳ್ಳೆಯದು.

ಹಣದ ಮಾತು ಬಂದುದರಿಂದ, ಅಂಗಡಿಯ ಚೀಟಿಯಲ್ಲಿ ಕಾಣದ ಖರ್ಚನ್ನೂ ಹೇಳಿಬಿಡುತ್ತೇನೆ. ಸುತ್ತಿಗೊಂದರಂತೆ ಐದು ಮ್ಯಾಗಜಿನ್ ಬೇಕು. ನಡುವೆ ನಿಂತು ಕಾಡತೂಸು ತುಂಬುತ್ತಾ ಕುಳಿತರೆ ಹಿಂದಿನವರು ಗೊಣಗುತ್ತಾರೆ. ಡಬ್ಬಿಯಲ್ಲಿ ಬರುವುದು ಸಾಮಾನ್ಯವಾಗಿ ಒಂದೋ ಎರಡೋ. ಆದ್ದರಿಂದ ಪಿಸ್ತೂಲಿನ ಬೆಲೆಗೆ ಮೂರು ನಾಲ್ಕು ಮ್ಯಾಗಜಿನ್‌ಗಳ ಬೆಲೆ ಸೇರಿಸಿಯೇ ಹೋಲಿಸಬೇಕು. ಆಮೇಲೆ ಮೂರು ನಾಲ್ಕು ಬಗೆಯ ಕಾಡತೂಸನ್ನು ನೂರು ನೂರರಂತೆ ಹೊಡೆದು, ಒಂದೂ ಸಲ ನಿಲ್ಲದ್ದನ್ನು ಆರಿಸಿ, ಅದನ್ನೇ ಕೊಳ್ಳುತ್ತಿರಬೇಕು. ತೀರ ನಿಧಾನದ ಕಾಡತೂಸಿಗೆ ಕೆಲವು ಪಿಸ್ತೂಲುಗಳ ಬೋಲ್ಟ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ಕಣ್ಣಿನ ರಕ್ಷಣೆಯ ಕನ್ನಡಕ ಪ್ರೇಕ್ಷಕರಿಗೂ ಕಡ್ಡಾಯ. ತಗಡಿಗೆ ಬಡಿದ ಸೀಸದ ಚೂರುಗಳು ಹಿಂದಕ್ಕೂ ಚಿಮ್ಮುತ್ತವೆ. ಒಮ್ಮೆ ನನ್ನ ಅಂಗಿಯ ತೋಳಿಗೆ ತಾಗಿತ್ತು, ಸಾಸಿವೆ ಸಿಡಿದಂತೆ.

ಮಗಳು ಕೊನೆಗೆ ಕೊಂಡದ್ದು 22/45 ಲೈಟ್. ಟ್ರಿಗರ್ ಬಕ್ ಮಾರ್ಕ್‌ನಷ್ಟು ನಯವಿಲ್ಲ ಎಂದು ಗೊಣಗುತ್ತಲೇ ಕೊಂಡಳು. ಸೋಮಾರಿಗಳಿಗೆ ಗುಂಡಿಯೇ ದಾರಿ ಎಂದು ನಾನೇ ಒತ್ತಾಯಿಸಿದ್ದೆ. ಗೆಳೆಯರ ಮಗ ಶಿಸ್ತಿನವನಾದರೆ ಬಕ್ ಮಾರ್ಕ್, ಕೈ ಬಿಗಿಯಾಗಿದ್ದರೆ ವಿಕ್ಟರಿ ಕೊಳ್ಳಲಿ. ಮನೆಯಲ್ಲಿ ಈಗಾಗಲೇ 9 ಎಂ.ಎಂ. ಇದ್ದರೆ ಟಾರಸ್ ಕಾಂಪಿಟಿಷನ್.

ಇನ್ನು ಇಲ್ಲಿಯ ಮೊಮ್ಮಗಳ ಪ್ರಶ್ನೆ. ಮೇಲೆ ಹೇಳಿದ ಯಾವುದನ್ನೂ ಸೂಟ್‌ಕೇಸಿನಲ್ಲಿ ತರುವ ಯೋಚನೆ ಯಾರಿಗೂ ಬರದಿರಲಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ .22 ಪಿಸ್ತೂಲಿಗೂ ಪರವಾನಗಿ ಬೇಕೇ ಬೇಕು, ಅದಕ್ಕೆ ಸಾಮಾನ್ಯವಾಗಿ 21 ವರ್ಷವಾಗಿರಬೇಕು. ಹುಡುಗಿಗೆ ಹದಿನೇಳು.

ಆದರೆ ದಾರಿ ಇದೆ. ನಮ್ಮ ದೇಶದಲ್ಲಿ ಪಿಸ್ತೂಲಿನ ಸ್ಪರ್ಧೆಯ ಹೆದ್ದಾರಿ ಒಲಿಂಪಿಕ್ಸ್ ಮಾದರಿಯದು. ಅದರಲ್ಲಿ ಉಕ್ಕಿನ ತಗಡಿನ ಆಟಕ್ಕೆ ಹತ್ತಿರದ ಸಂಬಂಧಿಯೂ ಇದೆ. 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಪಕ್ಕಪಕ್ಕದ ಐದು ಗುರಿಗೆ ಐದು ಗುಂಡು, ಮೊದಲು 8 ಸೆಕೆಂಡು, ಆಮೇಲೆ 6, ಕೊನೆಗೆ 4. ಆರಂಭವೂ ಕೈ ಇಳಿಸಿಯೇ. ವಿಜಯ್ ಕುಮಾರ್ 2012ರ ಲಂಡನ್‌ನಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. ಮಹಿಳೆಯರ 25 ಮೀಟರ್ ಪಿಸ್ತೂಲಿನ ಎರಡನೆಯ ಭಾಗದಲ್ಲಿ ಗುರಿ 3 ಸೆಕೆಂಡು ತೆರೆದು 7 ಸೆಕೆಂಡು ಮುಚ್ಚುತ್ತದೆ, ಪ್ರತಿ ಸಲ ಒಂದೇ ಗುಂಡು. ಎರಡಕ್ಕೂ .22 ಪಿಸ್ತೂಲೇ ಬೇಕು: ಪಾರ್ಡಿನಿ, ವಾಲ್ಥರ್, ಮೊರಿನಿ ಇಂಥವು. ಮೊದಲ ದಿನವೇ ಅಲ್ಲಿಗೆ ಕೈ ಹಾಕುವುದು ಬೇಡ.

ಮೊದಲು ಬೇಕಾದದ್ದು 10 ಮೀಟರ್ ಏರ್ ಪಿಸ್ತೂಲು. 4.5 ಮಿ.ಮೀ. ಬೋರಿನದು, ಗುಂಡಿನ ಶಕ್ತಿ 20 ಜೂಲ್ ಮೀರದ್ದು ಆದರೆ ಪರವಾನಗಿಯ ಗೊಡವೆ ಇಲ್ಲ. ಗುರುತಿನ ಚೀಟಿ ಕೊಟ್ಟು ರಸೀದಿ ಜೋಪಾನವಾಗಿಟ್ಟುಕೊಳ್ಳಬೇಕು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಏರ್ ಪಿಸ್ತೂಲಿನಲ್ಲಿ ಎರಡು ಕಂಚು ಗೆದ್ದು, .22 ಪಿಸ್ತೂಲಿನ 25 ಮೀಟರ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂದದ್ದನ್ನು ನೆನೆಸಿಕೊಂಡರೆ ಎರಡೂ ಒಂದೇ ಕೈಯ ವಿದ್ಯೆ ಎಂದು ತಿಳಿಯುತ್ತದೆ. ಟ್ರಿಗರಿನ ತೂಕ, ಅಂದರೆ ಅದನ್ನು ಎಳೆಯಲು ಬೇಕಾದ ಬಲ, ಮಾತ್ರ ಬೇರೆ. ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ ಕನಿಷ್ಠ 1000 ಗ್ರಾಂ.

ಏರ್ ಪಿಸ್ತೂಲಿನಲ್ಲೂ ಎರಡು ಜಾತಿ. ನಳಿಗೆ ಮುರಿದು ಮಡಚುವ ಸ್ಪ್ರಿಂಗ್‌ನದು ಅಗ್ಗ, ಆದರೆ ಸ್ಪ್ರಿಂಗ್ ಬಡಿದಾಗ ಗುಂಡು ನಳಿಗೆ ಬಿಡುವ ಮೊದಲೇ ಕೈ ಅಲುಗುತ್ತದೆ, ತಪ್ಪು ನಿಮ್ಮದೋ ಸ್ಪ್ರಿಂಗ್‌ನದೋ ತಿಳಿಯುವುದಿಲ್ಲ. ಗಾಳಿ ತುಂಬಿದ ಸಿಲಿಂಡರಿನ ಸ್ಟೇಯರ್ ಎಲ್‌ಪಿ10, ಮೊರಿನಿ ಸಿಎಂ162 ಬಗೆಯವು ಕದಲುವುದಿಲ್ಲ, ಬೆಲೆ ಕೇಳಿದರೆ ನಾವು ಕದಲುತ್ತೇವೆ. ನನ್ನ ಸಲಹೆ, ಕ್ಲಬ್ಬಿನಲ್ಲಿ ಬಾಡಿಗೆ ಪಿಸ್ತೂಲಿನಿಂದ ಆರು ತಿಂಗಳು ಕಲಿತು, ಆಮೇಲೆ ಯಾರೋ ಹಿರಿಯ ಸ್ಪರ್ಧಿ ಮಾರುವ ಹಳೆಯ ಸಿಲಿಂಡರ್ ಪಿಸ್ತೂಲನ್ನು ಕೊಳ್ಳುವುದು. ಸಿಲಿಂಡರಿನ ಮೇಲೆ ಕೊರೆದ ತಾರೀಖು ನೋಡಬೇಕು. ಸಾಮಾನ್ಯವಾಗಿ ಅದರ ಆಯಸ್ಸು 10 ವರ್ಷ, ಅವಧಿ ಮುಗಿದಿದ್ದರೆ ಹೊಸ ಸಿಲಿಂಡರಿನ ಬೆಲೆಯನ್ನು ಕಳೆದೇ ಚೌಕಾಶಿ ಮಾಡಬೇಕು. 200 ಬಾರ್ ಒತ್ತಡದ ಗಾಳಿಯನ್ನು ಪಂಕ್ಚರ್ ಅಂಗಡಿಯಲ್ಲಿ ತುಂಬಿಸಲಾಗದು, ಕೈಪಂಪ್ ಬೇಕು. ನಮ್ಮ ಬೇಸಿಗೆಯಲ್ಲಿ ಅದನ್ನು ಒತ್ತುವುದು ಬೇರೆಯೇ ವ್ಯಾಯಾಮ. ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

ಮನೆಯಲ್ಲಿ ಅಭ್ಯಾಸಕ್ಕೆ ಜಾಗ ಹೇಗೆ ಎಂದು ಗೆಳೆಯರು ಕೇಳಿದರು. ಅವರದು ಹಳೆಯ ಕಾಲದ ಉದ್ದ ಮನೆ, ಪಡಸಾಲೆಯಿಂದ ಅಡುಗೆಮನೆಯ ಗೋಡೆಯವರೆಗೆ ನೇರ ನೋಟ. ಶಹಾಬಾದ್ ಕಲ್ಲಿಗೆ ತಾಗಿದ ಪೆಲೆಟ್ (ಏರ್ ಪಿಸ್ತೂಲಿನ ಚಿಕ್ಕ ಗುಂಡು) ಚೆಂಡಿನಂತೆ ಪುಟಿಯುತ್ತದೆ, ಆದ್ದರಿಂದ ಗುರಿಯ ಹಿಂದೆ ಪೆಲೆಟ್ ಹಿಡಿಯುವ ಪೆಟ್ಟಿಗೆ ಇರಬೇಕು, ಆ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿರಬೇಕು ಎಂದೆ. ಹತ್ತು ಮೀಟರ್ ಎಂದರೆ ಹೆಚ್ಚುಕಡಿಮೆ 33 ಅಡಿ. ಟೇಪು ಹಿಡಿದು ಇಬ್ಬರೂ ಅಳೆದೆವು, 31 ಅಡಿ ಬಂತು. ಗೋಡೆಗೆ ಒರಗಿಸಿದ್ದ ಜೋಳದ ಚೀಲಗಳನ್ನು ಸರಿಸಿದರೆ ಉಳಿದ ಎರಡು ಅಡಿಯೂ ಸಿಗುತ್ತದೆ ಎಂದು ಅವರ ಮನೆಯವರಿಗೆ ಹೇಳುವ ಕೆಲಸವನ್ನು ಅವರಿಗೇ ಬಿಟ್ಟು ಬಂದಿದ್ದೇನೆ.